ಮಾತಾಡಿ ಎಂದು ಜಡ್ಜು ಹೇಳಲಿಲ್ಲ

ವರ್ನಾ ಹ್ರಬೋವ್ಸ್ಕಿಯ ಅಪ್ಪ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಆಯುಸ್ಸು ಕಳೆದವನು. ಅವಳು ಚಿಕ್ಕವಳಿದ್ದಾಗ ಅಲ್ಲಿ ಒಂದು ದೊಡ್ಡ ಮುಷ್ಕರ ಆಯಿತು. ಎಲ್ಲರೂ ಗೇಟಿನ ಹೊರಗೆ ನಿಂತಿದ್ದಾಗ ಅಪ್ಪನ ಸ್ವಂತ ತಮ್ಮ ಯಾಂಕೊ ತಲೆ ತಗ್ಗಿಸಿಕೊಂಡು ಗೇಟು ದಾಟಿ ಕೆಲಸಕ್ಕೆ ಹೋದ. ಅಂದಿನಿಂದ ಅಣ್ಣ ತಮ್ಮನನ್ನು ಮಾತಾಡಿಸಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಬಟ್ಟೆ ಒಣಹಾಕುವ ತಂತಿ ಒಂದೇ. ಅಮ್ಮ ಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ದಿನ, ಗಂಡ ಪಾಳಿಗೆ ಹೋಗುವುದನ್ನೇ ಕಾದಿದ್ದು, ಒಂದು ಬಟ್ಟಲನ್ನು ಆ ತಂತಿಯ ಅಡಿಯಿಂದ ಮೈದುನನ ಮನೆಗೆ ದಾಟಿಸುತ್ತಿದ್ದಳು. ಯಾಂಕೊ ತೀರಿಕೊಂಡಾಗ ಅಪ್ಪ ಚರ್ಚಿನವರೆಗೆ ಹೋದ. ಒಳಗೆ ಮಾತ್ರ ಹೋಗಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಂತೇ ಇದ್ದ. ಹಿಮ ಬಿದ್ದು ಅವನ ಬೋಳು ತಲೆ ಒದ್ದೆಯಾಗಿತ್ತು.

ವರ್ನಾ ಗಗನಸಖಿಯ ಕೆಲಸಕ್ಕೆ ಸೇರಿದಾಗ ಅಪ್ಪನಿಗೆ ನಗು ಬಂದಿತ್ತು.

"ಆಕಾಶದಲ್ಲಿ ಕಾಫಿ ಸುರಿಯೋದೂ ಒಂದು ಕೆಲಸವೇನೇ ಮಗಳೇ?"

"ಯೂನಿಯನ್ ಇದೆ ಅಪ್ಪಾ."

"ಯೂನಿಯನ್ ಇದೆಯಾ? ಹಂಗಾದ್ರೆ ಅದೂ ಕೆಲಸಾನೇ."

ತರಬೇತಿಯ ಮೊದಲ ದಿನವೇ ಅವಳಿಗೆ ಲುಸಿಲ್ ಸಿಕ್ಕಿದಳು. ಎತ್ತರದ ಹುಡುಗಿ, ನಕ್ಕರೆ ಕೋಣೆಯೆಲ್ಲ ತಿರುಗಿ ನೋಡಬೇಕು. ಅಂದಿನಿಂದ ಇಬ್ಬರೂ ಜೊತೆ ಬಿಡಲಿಲ್ಲ. ತಿಂಗಳ ಪಾಳಿಗೆ ಕೋರಿಕೆ ಹಾಕುವಾಗ ಒಂದೇ ವಿಮಾನ, ಒಂದೇ ಊರು ಕೇಳುತ್ತಿದ್ದರು. ವಿಮಾನದ ಬಾಲದಲ್ಲಿ ಗೋಡೆಗೆ ಮಡಚುವ ಒಂದು ಸೀಟಿರುತ್ತದೆ. ಏಳುವಾಗ ಇಳಿಯುವಾಗ ಇಬ್ಬರು ಅದರಲ್ಲಿ ಭುಜಕ್ಕೆ ಭುಜ ತಾಗಿಸಿ, ಪಟ್ಟಿ ಬಿಗಿದು ಕೂರಬೇಕು. ಅಲ್ಲಿ ಕೂತವರು ಒಬ್ಬರಿಗೊಬ್ಬರು ಹೇಳಿಕೊಳ್ಳದ ಮಾತಿಲ್ಲ. ಲುಸಿಲ್ ಮದುವೆಯಾದದ್ದು, ಗಂಡ ಬಿಟ್ಟುಹೋದದ್ದು, ಮಗಳು ರೆನೇ ಮೊದಲ ಹೆಜ್ಜೆ ಇಟ್ಟದ್ದು, ವರ್ನಾ ಕಡೆಗೂ ಮದುವೆ ಬೇಡವೆಂದದ್ದು ಎಲ್ಲವನ್ನೂ ಆ ಸೀಟು ಕೇಳಿತ್ತು. ಆ ವಸಂತದಲ್ಲಿ ರೆನೇ ಬಸುರಿ. ಅವಳಿದ್ದದ್ದು ಮರುಭೂಮಿಯ ಕಡೆಯ ಟೂಸಾನ್‌ನಲ್ಲಿ. ಅದಕ್ಕೇ ಇಬ್ಬರೂ ಟೂಸಾನ್ ಪಾಳಿಯನ್ನೇ ಕೇಳಿ ಪಡೆದಿದ್ದರು. ವರ್ನಾ ಕೂಸಿಗೆಂದು ಹಳದಿ ಉಣ್ಣೆಯ ಟೋಪಿ ಹೆಣೆಯಲು ಶುರು ಮಾಡಿದ್ದಳು.

ಅಷ್ಟರಲ್ಲಿ ಜಗಳ ಬಂತು. ಗಗನಸಖಿಯರಿಗೆ ಸಂಬಳ ಶುರುವಾಗುವುದು ವಿಮಾನದ ಬಾಗಿಲು ಮುಚ್ಚಿದ ಮೇಲೆ. ಜನರನ್ನು ಹತ್ತಿಸಿ, ಅವರ ಪೆಟ್ಟಿಗೆ ಎತ್ತಿಟ್ಟು, ಅಳುವ ಮಕ್ಕಳನ್ನು ರಮಿಸಿದ್ದೆಲ್ಲ ಬಿಟ್ಟಿ. ಆ ಹಳೆಯ ಸಂಕಟವನ್ನು ಹೇಗೋ ನುಂಗಿಕೊಂಡಿದ್ದರು. ಈಗ ಕಂಪನಿಯವರು ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವಿನ ನಿದ್ದೆಯನ್ನೂ ಕತ್ತರಿಸಿದರು. ಒಪ್ಪಂದದಲ್ಲಿ ಹಾಗೆಯೇ ಇದೆ ಎಂದರು ಅವರು, ಇಲ್ಲ ಎಂದರು ಇವರು. ಯೂನಿಯನ್ ಮುಷ್ಕರಕ್ಕೆ ಕರೆ ಕೊಟ್ಟಿತು.

ವರ್ನಾ ಅಪ್ಪನ ಹಳೆಯ ಕೋಟು ಹಾಕಿಕೊಂಡು, ಫಲಕ ಹಿಡಿದು, ವಿಮಾನ ನಿಲ್ದಾಣದ ಗೇಟಿನಲ್ಲಿ ನಿಂತಳು. ಮೂರನೆಯ ದಿನ ಸಂಜೆ ಮಳೆ. ಸಮವಸ್ತ್ರ ತೊಟ್ಟ ಒಬ್ಬಳು ಗಾಲಿಪೆಟ್ಟಿಗೆ ಎಳೆದುಕೊಂಡು ಸಾಲಿನ ನಡುವೆಯೇ ಬಂದಳು. ಲುಸಿಲ್. ಯಾರ ಮುಖವನ್ನೂ ನೋಡಲಿಲ್ಲ. ಜನ ಕೂಗಿದರು, ಉಗಿದರು. ವರ್ನಾ ಫಲಕ ಎತ್ತಿ ಹಿಡಿದೇ ಇದ್ದಳು. ಫಲಕದ ಕೋಲಿನಿಂದ ನೀರು ಇಳಿದು ಅವಳ ಕೋಟಿನ ತೋಳಿನೊಳಗೆ ಹೋಗುತ್ತಿತ್ತು.

ಮಾರನೆಯ ಬೆಳಿಗ್ಗೆಯೇ ಕೋರ್ಟಿನ ತಡೆಯಾಜ್ಞೆ ಬಂತು. ಒಪ್ಪಂದದ ಮಾತಿಗೆ ಏನು ಅರ್ಥ ಎಂಬ ಜಗಳವನ್ನು ಮಧ್ಯಸ್ಥರ ಮುಂದೆ ತೀರಿಸಿಕೊಳ್ಳಬೇಕು, ಅದಕ್ಕಾಗಿ ವಿಮಾನ ನಿಲ್ಲಿಸುವಂತಿಲ್ಲ ಎಂದರು ಜಡ್ಜು. ಎಲ್ಲರೂ ಕೆಲಸಕ್ಕೆ ಹೋಗಬೇಕು, ಎಲ್ಲರೂ ಒಟ್ಟಿಗೆ ಜ್ವರ ಎಂದು ಮಲಗುವಂತಿಲ್ಲ, ಬೇಕೆಂದು ಕೈ ನಿಧಾನ ಮಾಡುವಂತಿಲ್ಲ. ಒಂದೇ ಒಂದು ರಾತ್ರಿ ತಡೆದಿದ್ದರೆ ಲುಸಿಲ್ ಎಲ್ಲರ ಜೊತೆಯಲ್ಲೇ ಒಳಗೆ ಹೋಗಬಹುದಿತ್ತು.

ಅವರ ತಂಡದ ಮುಖ್ಯಸ್ಥೆ ಗ್ರೆಚೆನ್, ಯೂನಿಯನ್ನಿನಲ್ಲೂ ದೊಡ್ಡ ಗಂಟಲು. ವಿಶ್ರಾಂತಿ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದಳು.

"ಕೆಲಸ ಮಾಡಿ ಅಂದಿದಾರೆ ಜಡ್ಜು. ಮಾಡೋಣ. ಅವಳ ಹತ್ರ ಮಾತಾಡಿ ಅಂತ ಎಲ್ಲೂ ಬರೆದಿಲ್ಲ. ನಾನು ಎರಡು ಸಲ ಓದಿದೀನಿ."

ಎಲ್ಲರೂ ನಕ್ಕರು. ವರ್ನಾ ನಗಲಿಲ್ಲ, ಆದರೆ ತಲೆಯಾಡಿಸಿದಳು. ತಾನು ಯಾರ ಮಗಳು ಎಂಬುದು ಅವಳಿಗೆ ಮರೆತಿರಲಿಲ್ಲ.

ತಿಂಗಳ ಪಾಳಿ ಮೊದಲೇ ನಿಗದಿಯಾಗಿತ್ತು, ಬದಲಾಯಿಸುವಂತಿರಲಿಲ್ಲ. ಮತ್ತೆ ಅದೇ ಬಾಲದ ಸೀಟು, ಅದೇ ಭುಜ. ಲುಸಿಲ್ ಹಾಕುವ ಕೈಕ್ರೀಮಿನ ವಾಸನೆ ಕೂಡ ಅದೇ. ಮಾತಿಲ್ಲ. ಲುಸಿಲ್ ಮಾಡಿಟ್ಟ ಕಾಫಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳು ತಾನೇ ಚೆಲ್ಲಿ ಪಾತ್ರೆ ತೊಳೆದಿಡುತ್ತಿದ್ದಳು. ಟೂಸಾನ್ ತಲುಪಿದರೆ ಹೋಟೆಲಿನ ವ್ಯಾನನ್ನೂ ಹತ್ತದೆ ಎಲ್ಲಿಗೋ ಟ್ಯಾಕ್ಸಿಯಲ್ಲಿ ಹೋಗಿಬಿಡುತ್ತಿದ್ದಳು. ನಮ್ಮ ಮುಖ ನೋಡುವುದಕ್ಕೂ ಆಗದಷ್ಟು ಅಳುಕು ಎಂದುಕೊಂಡಳು ವರ್ನಾ. ಹಳದಿ ಟೋಪಿ ಕಡ್ಡಿಯ ಸಮೇತ ಚೀಲದ ತಳ ಸೇರಿತು.

ಆದರೆ ಅವರ ಕೆಲಸದಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ಮಾತಿದೆ. ಹಾರುವ ಮೊದಲು ಪ್ರತಿಯೊಬ್ಬಳೂ ತನ್ನ ಬಾಗಿಲ ಬುಡದಲ್ಲಿರುವ ಕಬ್ಬಿಣದ ಸರಳನ್ನು ನೆಲದ ಕೊಂಡಿಗೆ ಸಿಕ್ಕಿಸಬೇಕು. ಸರಳು ಸಿಕ್ಕಿಕೊಂಡಿರುವಾಗ ಬಾಗಿಲು ತೆರೆದರೆ, ಅಪಾಯದಲ್ಲಿ ಜನ ಜಾರಿ ಇಳಿಯಲೆಂದು ಇಟ್ಟಿರುವ ರಬ್ಬರಿನ ಜಾರುಬಂಡೆ ಗಾಳಿ ತುಂಬಿಕೊಂಡು ಫಿರಂಗಿಯಂತೆ ಹೊರಗೆ ಚಿಮ್ಮುತ್ತದೆ. ಆದ್ದರಿಂದ ಇಳಿದ ಮೇಲೆ ಸರಳು ಬಿಡಿಸಬೇಕು. ಬಿಡಿಸಿ, ಎದುರು ಬಾಗಿಲವಳ ಸರಳನ್ನು ಕಣ್ಣಾರೆ ನೋಡಿ, ಹೆಬ್ಬೆರಳು ಎತ್ತಿ ಹೇಳಬೇಕು: ನನ್ನ ಬಾಗಿಲು ಸರಿ, ನಿನ್ನ ಬಾಗಿಲು ಸರಿ. ಆ ತಿಂಗಳೆಲ್ಲ ವರ್ನಾ ಲುಸಿಲ್‌ಗೆ ಆಡಿದ್ದು ಅಷ್ಟೇ. ಆ ಒಂದು ಮಾತಿಗೆ ಲುಸಿಲ್ ಪ್ರತಿ ಸಲವೂ ಮುಖವೆತ್ತಿ ಕಾಯುತ್ತಿದ್ದಳು. ವರ್ನಾ ಅದನ್ನು ಕಂಡೂ ಕಾಣದವಳಂತೆ ಇದ್ದಳು.

ಅದು ಆ ತಿಂಗಳ ಕೊನೆಯ ಟೂಸಾನ್ ಪಾಳಿ. ಮುಂದಿನ ತಿಂಗಳಿಗೆ ಲುಸಿಲ್‌ಳನ್ನು ಬಿಟ್ಟು ಬೇರೆ ಯಾರ ಜೊತೆಗಾದರೂ ಕೋರಿಕೆ ಹಾಕು ಎಂದು ಗ್ರೆಚೆನ್ ಬೆಳಿಗ್ಗೆಯೇ ಹೇಳಿದ್ದಳು. ಹಾಕಿದರೆ ಮುಗಿಯಿತು, ಇನ್ನು ಆ ಭುಜ ಈ ಭುಜಕ್ಕೆ ತಾಗುವುದಿಲ್ಲ. ದಾರಿಯುದ್ದಕ್ಕೂ ವರ್ನಾಗೆ ಅಪ್ಪನದೇ ನೆನಪು. ಕೊನೆಗಾಲದಲ್ಲಿ ಹಾಸಿಗೆಯ ಮೇಲೆ ಅಪ್ಪ ಒಮ್ಮೆ ಕಿಟಕಿಯಾಚೆಯ ಬಟ್ಟೆ ತಂತಿಯನ್ನು ನೋಡುತ್ತಾ, "ಯಾಕೋ ಹೋದೆ ಯಾಂಕೊ, ಅಂತ ಒಂದು ಮಾತು ಕೇಳಬಹುದಿತ್ತು ನಾನು," ಎಂದಿದ್ದ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ.

ವಿಮಾನ ಇಳಿಯಿತು. ವರ್ನಾ ತನ್ನ ಸರಳು ಬಿಡಿಸಿ ತಿರುಗಿದಳು. ಲುಸಿಲ್ ಆಗಲೇ ಹೆಬ್ಬೆರಳು ಎತ್ತಿದ್ದಳು. ಕಣ್ಣು ಮಾತ್ರ ಎಲ್ಲೋ ಇತ್ತು. ಹೊರಗೆ ಊಟದ ಲಾರಿ ಬಾಗಿಲಿಗೆ ತಾಗಿ ನಿಂತಿತ್ತು. ಇಬ್ಬರು ಆಳುಗಳು ಬಾಗಿಲಿಗೆ ಮುಖ ಕೊಟ್ಟು ನಿಂತಿದ್ದರು. ಲುಸಿಲ್ ಬಾಗಿಲ ಹಿಡಿ ಹಿಡಿದಳು. ವರ್ನಾ ಕೆಳಗೆ ನೋಡಿದಳು. ಸರಳು ನೆಲದ ಕೊಂಡಿಯಲ್ಲೇ ಇತ್ತು.

"ಲೂಸೀ!"

ಎರಡು ಹೆಜ್ಜೆಗೆ ಹಾರಿ ಅವಳ ಮಣಿಕಟ್ಟು ಹಿಡಿದಳು.

ಲುಸಿಲ್ ಕೆಳಗೆ ನೋಡಿದಳು. ಹೊರಗಿನ ಆಳುಗಳನ್ನು ನೋಡಿದಳು. ಅವಳ ತುಟಿ ಬಿಳುಪಾಯಿತು. ವರ್ನಾ ತಾನೇ ಬಗ್ಗಿ ಸರಳು ಬಿಡಿಸಿ, ಎದ್ದು ನಿಂತು, ಹಿಡಿದ ಮಣಿಕಟ್ಟನ್ನು ಬಿಡದೆ ಕೇಳಿದಳು.

"ಏನಾಗಿದೆ ನಿಂಗೆ? ನಿದ್ದೆ ಮಾಡಿಲ್ವಾ?"

"ಇವತ್ತು ಮಗೂದು ಕೊಳವೆ ತೆಗೀತಾರೆ. ತಾನೇ ಉಸಿರಾಡುತ್ತೋ ಇಲ್ವೋ ಅಂತ..."

"ಯಾವ ಮಗು?"

"ರೆನೇ ಮಗು ಕಣೆ. ದಿನ ತುಂಬೋಕೆ ಮುಂಚೇನೇ ಹುಟ್ಟಿತು. ಗಾಜಿನ ಪೆಟ್ಟಿಗೇಲಿದೆ."

"ಯಾವಾಗ?"

ಕೇಳುತ್ತಿದ್ದಂತೆಯೇ ವರ್ನಾಗೇ ಹೊಳೆಯಿತು. ಆ ಮಳೆಯ ಸಂಜೆ.

"ಹೇಳ್ಬಾರ್ದಿತ್ತೇನೆ ನಂಗೆ?"

"ಆವತ್ತು ಹೇಳೋಕೆ ಉಸಿರಿರ್ಲಿಲ್ಲ. ಆಮೇಲೆ ಕೇಳೋರು ಯಾರೂ ಇರ್ಲಿಲ್ಲ." ಲುಸಿಲ್ ಮೂಗು ಒರೆಸಿಕೊಂಡಳು. "ಮುಷ್ಕರದೋರ ಬಿಟ್ಟಿ ಪ್ರಯಾಣದ ಪಾಸೆಲ್ಲ ನಿಲ್ಲಿಸಿದ್ರು. ಕಂಪನಿಗೆ ಫೋನು ಮಾಡಿ ಬೇಡಿಕೊಂಡೆ. ಕೆಲಸಕ್ಕೆ ಬಂದ್ರೆ ಟೂಸಾನ್ ವಿಮಾನ ಕೊಡ್ತೀವಿ ಅಂದ್ರು. ಅಲ್ಲಿ ಅವಳು ಒಬ್ಬಳೇ ಕಿರುಚ್ತಿದ್ಳು ವರ್ನಾ. ಹೆಂಗೆ ಹೋಗ್ಲಿ ಇನ್ನ?"

ವರ್ನಾ ಅವಳ ಮಣಿಕಟ್ಟು ಬಿಟ್ಟಳು.

"ಲೇ, ಬೇರೆ ಕಂಪನೀದು ಒಂದು ಟಿಕೆಟ್ ತಗೊಂಡು ಹೋಗಬಹುದಿತ್ತಲ್ಲೇ!"

"ಟಿಕೆಟ್ಟಾ?" ಲುಸಿಲ್ ಬಾಯಿ ತೆರೆದಳು. "ದುಡ್ಡು ಕೊಟ್ಟು?"

ಅದು ಅವಳಿಗೆ ಹೊಳೆದೇ ಇರಲಿಲ್ಲ. ವರ್ನಾ ಬೈಯಲು ಹೊರಟವಳು ನಿಂತಳು. ತಾನು ಕೊನೆಯ ಸಲ ಟಿಕೆಟ್ ಕೊಂಡದ್ದು ಯಾವಾಗ? ಕೆಲಸಕ್ಕೆ ಸೇರಿದ ಮೇಲೆ ಇಬ್ಬರೂ ಮದುವೆಗೆ, ಸಾವಿಗೆ, ಸಮುದ್ರದ ಸ್ನಾನಕ್ಕೆ ಎಲ್ಲಿಗೆ ಹೋಗಿದ್ದರೂ ಪಾಸಿನ ಮೇಲೆ ಹೋದವರೇ. ಟಿಕೆಟ್ ಎಂಬುದು ಬೇರೆ ಜನ ಕೊಳ್ಳುವ ವಸ್ತು.

"ನಂಗೂ ಹೊಳೀತಿರ್ಲಿಲ್ಲ," ಎಂದಳು ವರ್ನಾ.

ಮೊದಲು ನಕ್ಕದ್ದು ಲುಸಿಲ್. ಅವಳ ಆ ಹಳೆಯ ನಗು. ಆಮೇಲೆ ಇಬ್ಬರೂ ಬಾಗಿಲಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದು ಅಳುವಾದದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ. ಹೊರಗಿನ ಆಳು ಬಾಗಿಲು ಬಡಿದ. "ಅಮ್ಮಾ, ಊಟ ಆರ್ತಿದೆ, ತೆಗೀತೀರೋ ಇಲ್ವೋ?"

"ನೀನು ಮಾಡಿದ್ದು ತಪ್ಪೇ ಕಣೆ," ಎಂದಳು ವರ್ನಾ, ಮುಖ ಒರೆಸಿಕೊಳ್ಳುತ್ತಾ.

"ಗೊತ್ತು."

"ನಾವು ಮಾಡಿದ್ದೂ."

ಲುಸಿಲ್ ಬಾಗಿಲು ತೆರೆದಳು.

ನಿಲ್ದಾಣದ ಹೊರಗೆ ಹೋಟೆಲಿನ ವ್ಯಾನು ಕಾದಿತ್ತು. ಗ್ರೆಚೆನ್ ಕಿಟಕಿಯಿಂದ ತಲೆ ಹಾಕಿದಳು. ವರ್ನಾ ಟ್ಯಾಕ್ಸಿಯ ಕಡೆ ನಡೆಯುತ್ತಿದ್ದಳು, ಲುಸಿಲ್ ಜೊತೆಗೆ.

"ವರ್ನಾ! ಅವಳ ಜೊತೆ ಹೋದ್ರೆ ನಾಳೆಯಿಂದ ನಿನ್ನ ಕಾಫೀನೂ ಯಾರೂ ಮುಟ್ಟಲ್ಲ, ತಿಳ್ಕೋ."

"ನಿನ್ನ ಕಾಫಿ ನಾನು ಕುಡೀಬೇಕಾಗಿಲ್ಲವಲ್ಲ, ಅಷ್ಟೇ ಸಾಕು ಮಾರಾಯ್ತಿ."

"ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?"

ವರ್ನಾ ಟ್ಯಾಕ್ಸಿಯ ಬಾಗಿಲು ತೆರೆದಳು. "ಚರ್ಚಿನ ಒಳಗೆ ಹೋಗು ಅಂತಿದ್ರು," ಎಂದಳು. ಗ್ರೆಚೆನ್‌ಗೆ ಅದು ಅರ್ಥವಾಗಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಇಬ್ಬರಿಗೂ ಕೈ ತೊಳೆಸಿ ಒಳಗೆ ಬಿಟ್ಟಳು. ಕೊಳವೆ ಬೆಳಿಗ್ಗೆಯೇ ತೆಗೆದಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟು ಕೂಸು, ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಯಾರ ಸಹಾಯವೂ ಇಲ್ಲದೆ. ರೆನೇ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ವರ್ನಾ ಚೀಲದ ತಳದಿಂದ ಅರ್ಧ ಹೆಣೆದ ಹಳದಿ ಟೋಪಿ ತೆಗೆದು ಗಾಜಿಗೆ ಹಿಡಿದಳು. ಅದರಲ್ಲಿ ಕೂಸೇ ಇಡಿಯಾಗಿ ಮಲಗಬಹುದಿತ್ತು.

"ಚೀಲ ಹೆಣೆದಿದೀಯಲ್ಲೇ," ಎಂದಳು ಲುಸಿಲ್.

"ಬೆಳೀತಾಳೆ ಬಿಡು."

ಪೆಟ್ಟಿಗೆಯ ಎರಡೂ ಬದಿಗೆ ಕೈ ತೂರಿಸುವ ಪುಟ್ಟ ಬಾಗಿಲುಗಳಿದ್ದವು. ಆ ಕಡೆಯಿಂದ ಅಜ್ಜಿ, ಈ ಕಡೆಯಿಂದ ವರ್ನಾ ಒಂದೊಂದು ಬೆರಳು ಕೊಟ್ಟರು. ಕೂಸು ಎರಡನ್ನೂ ಹಿಡಿದುಕೊಂಡಿತು. ನರ್ಸು ಸಾಕು ಎಂದಾಗ ಕೈ ತೆಗೆದು, ಇಬ್ಬರೂ ತಮ್ಮ ತಮ್ಮ ಬಾಗಿಲು ಮುಚ್ಚಿ ಚಿಲಕ ಒತ್ತಿದರು. ಅಭ್ಯಾಸಬಲದಿಂದ ವರ್ನಾ ತಲೆಯೆತ್ತಿ ಎದುರಿನ ಚಿಲಕವನ್ನು ಕಣ್ಣಾರೆ ನೋಡಿದಳು. ಲುಸಿಲ್ ಮುಖವೆತ್ತಿ ಕಾಯುತ್ತಿದ್ದಳು.

ವರ್ನಾ ಹೆಬ್ಬೆರಳು ಎತ್ತಿದಳು.

"ನನ್ನ ಬಾಗಿಲು ಸರಿ. ನಿನ್ನ ಬಾಗಿಲು ಸರಿ, ಲೂಸಿ."