ಪೂರ್ವದ ಗೋಲು

ಅಕ್ಕನ ಗಂಡನಿಗೆ ಒಂದು ವರವಿತ್ತು. ಸೋತ ಪಂದ್ಯಗಳೆಲ್ಲ ಅವರಿಗೆ ಮರೆತುಹೋಗುತ್ತಿದ್ದವು, ಗೆದ್ದವು ಮಾತ್ರ ಥ್ರೋ-ಇನ್ ಸಮೇತ ನೆನಪಿರುತ್ತಿದ್ದವು. ತೊಂಬತ್ತರ ದಶಕದ ಮೊದಲಲ್ಲಿ ಕುಂಬಾರಕೊಪ್ಪಲಿನ ನಮ್ಮ ತಂಡ ಮೈಸೂರಿನ ಫುಟ್‌ಬಾಲ್ ಲೀಗಿನ ಎ ಡಿವಿಷನ್‌ನಲ್ಲಿ, ಅಂದರೆ ಊರಿನ ಅತಿ ಮೇಲಿನ ದರ್ಜೆಯಲ್ಲಿ ಆಡುತ್ತಿತ್ತು. ಭಾವ ಕ್ಯಾಪ್ಟನ್, ನಾನು ಎಡಗಡೆಯ ಫಾರ್ವರ್ಡ್. ಒಂದು ಸಂಜೆ ನಮ್ಮ ಮೈದಾನದಲ್ಲಿ ನಾನು ಹೆಚ್ಚುಕಮ್ಮಿ ನಡುವಿನಿಂದಲೇ ಒದ್ದ ಚೆಂಡು ಒಂದೆರಡು ಸಲ ಪುಟಿದು ನೇರ ಗೋಲಿನೊಳಗೆ ಹೋಯಿತು. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೆಣ್ಣು ನೋಡಲು ಹೋದ ಮನೆಯಲ್ಲೂ ಭಾವ ಮೊದಲು ಹೇಳಿದ್ದು ಆ ಗೋಲಿನ ವಿಷಯ, ಆಮೇಲೆ ನನ್ನ ಕೆಲಸದ್ದು.

ಹತ್ತು ಹನ್ನೆರಡು ವರ್ಷ ಕಳೆಯಿತು. ಭಾವ ಕ್ಲಬ್ಬಿನ ಅಧ್ಯಕ್ಷರಾದರು, ನಾನು ತಂಡಕ್ಕೆ ಆಟ ಕಲಿಸುವವನಾದೆ. ಭಾವ ಮತ್ತು ಅವರ ಕಾಲದ ಆಟಗಾರರು ಸಂಜೆ ಸರಸ್ವತಿಪುರಂನ ಹೋಟೆಲೊಂದರಲ್ಲಿ ಬೈಟು ಕಾಫಿ ಹಿಡಿದು ಲೀಗಿನ ಶ್ರಾದ್ಧ ಮಾಡುತ್ತಿದ್ದರು. ಆಟ ಕೆಟ್ಟುಹೋಯಿತಂತೆ. ಈಗಿನವರಿಗೆ ಎತ್ತಿ ಒದೆಯುವ ಧೈರ್ಯವಿಲ್ಲವಂತೆ, ಕಾಲಿಂದ ಕಾಲಿಗೆ ಚೆಂಡು ದಾಟಿಸುತ್ತಾ ಕಾಲ ಕಳೆಯುತ್ತಾರಂತೆ. ಮೈದಾನಕ್ಕೆ ಮಾತ್ರ ಅವರಲ್ಲಿ ಒಬ್ಬರೂ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ತಲೆಯಾಡಿಸುತ್ತಿದ್ದೆ. ಈ ತಂಡದಲ್ಲಿ ಯಾರೂ ನಡು ಮೈದಾನದಿಂದ ಗೋಲು ಹೊಡೆದಿರಲಿಲ್ಲವಲ್ಲ. ಮಾರನೇ ದಿನ ಗ್ಯಾರೇಜಿನಿಂದ, ಊದುಬತ್ತಿ ಕಾರ್ಖಾನೆಯಿಂದ, ಟ್ಯುಟೋರಿಯಲ್ಲಿನಿಂದ ನನ್ನ ಆಟಗಾರರು ಓಡೋಡಿ ಪ್ರಾಕ್ಟೀಸಿಗೆ ಬರುವುದನ್ನು ಕಂಡಾಗ ನಾಚಿಕೆಯಾಗುತ್ತಿತ್ತು.

ಒಂದು ಮೀಟಿಂಗಿನಲ್ಲಿ ಭಾವ, ಮುಂದಿನ ವರ್ಷದಿಂದ ನಮ್ಮ ತಂಡವನ್ನು ಲೀಗಿನಿಂದಲೇ ಹಿಂದಕ್ಕೆ ತೆಗೆಯೋಣ ಎಂದುಬಿಟ್ಟರು. ಇಂಥ ಆಟ ಆಡಿ ಹಳೆಯ ಹೆಸರು ಕೆಡಿಸಿಕೊಳ್ಳುವುದು ಬೇಡ ಎಂಬುದು ಅವರ ವಾದ. ನನಗೆ ಮೈಯೆಲ್ಲ ಉರಿದುಹೋಯಿತು. ತಂಡ ನಿಂತರೆ ಆ ಹದಿನಾರು ಜನಕ್ಕೆ ಆಡಲು ಬೇರೆ ಜಾಗವಿರಲಿಲ್ಲ. ಸೀದಾ ಅಕ್ಕನ ಮನೆಗೆ ಹೋಗಿ, ನೀವು ಹಳಬರು ನನ್ನ ತಂಡದ ಜೊತೆ ಒಂದೇ ಒಂದು ಪಂದ್ಯ ಆಡಿ ಎಂದೆ. ನೀವು ಗೆದ್ದರೆ ಹಿಂದೆ ಸರಿಯುವ ಪತ್ರ ನಾನೇ ಬರೆಯುತ್ತೇನೆ, ಸೋತರೆ ಈ ಮಾತು ಮತ್ತೆ ಎತ್ತಕೂಡದು. ಭಾವ ನಕ್ಕು ಒಪ್ಪಿದರು. ಅಕ್ಕ ಮಾತ್ರ ಅವರ ಹೊಟ್ಟೆಯನ್ನೊಮ್ಮೆ ನೋಡಿ ಒಳಗೆ ಹೋದಳು.

ಭಾನುವಾರ ನಾಲ್ಕು ಗಂಟೆಗೆ ಹಳಬರು ಬಂದಿಳಿದರು. ಸೀಟಿ ನನ್ನ ಕೈಯಲ್ಲಿತ್ತು. ಟಾಸ್ ಗೆದ್ದ ಭಾವ ಯೋಚನೆಯನ್ನೂ ಮಾಡದೆ ಕೈ ಚಾಚಿದರು.

“ಪೂರ್ವದ ಗೋಲು ನಮ್ದು.”

ನಮ್ಮ ಮೈದಾನ ಮೊದಲು ಪೂರ್ವದಿಂದ ಪಶ್ಚಿಮಕ್ಕೆ ಇಳಿಜಾರಾಗಿತ್ತು. ನಡುವೆ ಚೆಂಡಿಟ್ಟು ಕೈಬಿಟ್ಟರೆ ತಾನಾಗಿ ಉರುಳುತ್ತಿತ್ತು. ಅದಕ್ಕೇ ನಮ್ಮ ಕಾಲದಲ್ಲಿ ಟಾಸ್ ಗೆದ್ದವರೆಲ್ಲ ಪೂರ್ವದ ಗೋಲನ್ನೇ ಕೇಳುವುದು ರೂಢಿ. ಮುಖಕ್ಕೆ ಸಂಜೆ ಬಿಸಿಲು ಹೊಡೆದರೂ ಇಳಿಜಾರಿನಲ್ಲಿ ಒದೆಯುವ ಲಾಭ ದೊಡ್ಡದು. ಆದರೆ ಮೂರು ವರ್ಷದ ಹಿಂದೆಯೇ ಪಾಲಿಕೆಯವರು ಲಾರಿಗಟ್ಟಲೆ ಮಣ್ಣು ಸುರಿದು ಮೈದಾನವನ್ನು ಸಪಾಟು ಮಾಡಿದ್ದರು. ಈಗ ಪೂರ್ವದ ಗೋಲಿಗೆ ಉಳಿದಿದ್ದು ಬಿಸಿಲು ಮಾತ್ರ. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪೇ, ಆದರೆ ಒಳಗೊಳಗೇ ಖುಷಿಯಾಯಿತು.

ಹಳಬರು ಎತ್ತಿ ಎತ್ತಿ ಒದ್ದರು. ಉರುಳಿಕೊಂಡು ಮುಂದೆ ಹೋಗಬೇಕಾದ ಚೆಂಡು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ನನ್ನವರು ಅದನ್ನು ಕಸಿದುಕೊಂಡು, ಕಾಲಿಂದ ಕಾಲಿಗೆ ದಾಟಿಸುತ್ತಾ, ಯಾವ ಆಟವನ್ನು ಹೋಟೆಲಿನಲ್ಲಿ ಹಳಿಯುತ್ತಿದ್ದರೋ ಅದೇ ಆಟವಾಡಿ ಮೂರು ಗೋಲು ಹೊಡೆದರು. ಅರ್ಧ ಮುಗಿದು ಕಡೆ ಬದಲಾಯಿತು. ಬಿಸಿಲಿನ ನೆಪವೂ ಇಲ್ಲವಾಯಿತು, ಇನ್ನೆರಡು ಗೋಲು ಬಿದ್ದವು.

ಪಂದ್ಯ ಮುಗಿದ ಮೇಲೆ ಭಾವ ಮೈದಾನದ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತು, ಚೆಂಡನ್ನಿಟ್ಟು ಕೈಬಿಟ್ಟರು. ಅದು ಇಟ್ಟಲ್ಲೇ ಇತ್ತು.

“ಇದ್ಯಾಕೋ ಉರುಳ್ತಾನೇ ಇಲ್ಲ ಕಣೋ.”

“ಮಣ್ಣು ಹಾಕಿ ಸಪಾಟು ಮಾಡಿ ಮೂರು ವರ್ಷ ಆಯ್ತು ಭಾವ. ನೀವು ಬಂದು ನೋಡಿದ್ರೆ ತಾನೆ.”

ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಚೆಂಡನ್ನು ಬೆರಳಿಂದ ಒಮ್ಮೆ ತಳ್ಳಿ ತಲೆಯೆತ್ತಿದರು.

“ಅಂಗಾರೆ ನಿನ್ನ ಆ ಗೋಲು?”

ಅವತ್ತೂ ನಾವು ಪೂರ್ವದ ಕಡೆಯೇ ಇದ್ದೆವು. ಮೂರು ವರ್ಷ ದಿನವೂ ಆ ಸಪಾಟು ನೆಲದ ಮೇಲೆ ನಿಂತು ಕಲಿಸಿದ ನನಗೆ ಒಂದು ದಿನವೂ ಇದು ಹೊಳೆದಿರಲಿಲ್ಲ. ಹೊಳೆಯುವುದು ಬೇಕಿರಲಿಲ್ಲವೇನೋ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಚೆ ನನ್ನ ಆಟಗಾರರು ಬೂಟು ಬಿಚ್ಚುತ್ತಾ ನಗುತ್ತಿದ್ದರು. ಇಳಿಜಾರಿನ ಸಹಾಯವಿಲ್ಲದೆ ಐದು ಗೋಲು ಹೊಡೆದವರು. ಅವರನ್ನು ನೋಡುತ್ತಾ ಮನಸ್ಸು ಹಗುರಾಯಿತು.

“ಅದೂ ಇಳಿಜಾರಿಂದೇ ಬುಡಿ ಭಾವ,” ಎಂದೆ.

ತಂಡ ಎ ಡಿವಿಷನ್‌ನಲ್ಲೇ ಉಳಿಯಿತು. ಮುಂದಿನ ಲೀಗ್ ಪಂದ್ಯಕ್ಕೆ ಭಾವ ಟೋಪಿ ಹಾಕಿಕೊಂಡು ಬಂದು ಕಲ್ಲುಮೆಟ್ಟಿಲ ಮೇಲೆ ಕೂತರು. ನಮ್ಮ ಬ್ಯಾಕ್ ಒಬ್ಬ ಗಾಬರಿಯಲ್ಲಿ ಚೆಂಡನ್ನು ಎತ್ತರಕ್ಕೆ ಒದ್ದುಬಿಟ್ಟ. ಹಿಂದಿನಿಂದ ಭಾವನ ದನಿ ಕೇಳಿಸಿತು.

“ಯಾಕೋ ಎತ್ತಿ ಒದ್ಬುಟ್ಟೆ? ಪಕ್ಕದಲ್ಲೇ ಅವನಿದ್ದ, ಕೊಡಬಾರ್ದಿತ್ತಾ?”