ಅಪ್ಪ ಇರುವ ತನಕ ಬೀಡಿ ಮುಟ್ಟದ ತಾಲ್ಲೂಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹೊಸನಗರ ತಾಲ್ಲೂಕಿನ ಅಷ್ಟೂ ಕಾರ್ಡು ಕೆಡಿಸಿದ ಪುಣ್ಯಾತ್ಮ ನಾನೇ.

ಅರವತ್ತರ ದಶಕದ ಮಾತು. ಹೃದಯದ ಕಾಯಿಲೆ ಯಾರಿಗೆ ಬರುತ್ತೆ, ಯಾಕೆ ಬರುತ್ತೆ ಅಂತ ಲೆಕ್ಕ ಹಾಕಲು ಒಬ್ಬ ಮೇಡಂ ಸಾಗರಕ್ಕೆ ಬಂದು ಕೋಣೆ ಹಿಡಿದಿದ್ದರು. ಡಾಕ್ಟರಲ್ಲ, ಡಾಕ್ಟರು ಹೇಳಿದ್ದನ್ನೂ ಎಣಿಸಿ ನೋಡದೆ ನಂಬದವರು. ಮನೆಮನೆಗೆ ಹೋಗಿ ಗಂಡಸರ ವಯಸ್ಸು, ಅಪ್ಪ ಇದ್ದಾರೋ ಇಲ್ಲವೋ, ಊಟ, ನಡಿಗೆ, ಬೀಡಿ ಕೇಳಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ.

ನಾನೋ, ಮನೆಮಂದಿಯನ್ನೆಲ್ಲ ಜಗಲಿಯಲ್ಲಿ ಕೂರಿಸಿ, ಬಸ್ ಕಂಡಕ್ಟರ್ ದನಿ, ಅಮಲ್ದಾರರ ದನಿ ತೆಗೆದು ನಗಿಸಿ, ಆ ಗದ್ದಲದಲ್ಲೇ ಪ್ರಶ್ನೆ ಮುಗಿಸುತ್ತಿದ್ದೆ. ತೀರ್ಥಹಳ್ಳಿ ಕಡೆ ಮೇಡಂ ತಾವೇ ಹೋಗಿ ಒಂದು ಮನೆ ಮುಗಿಸುವಷ್ಟರಲ್ಲಿ ಹೊಸನಗರದಲ್ಲಿ ನನ್ನದು ನಾಲ್ಕು ಆಗಿರುತ್ತಿತ್ತು. ಅವರ ಆಮೆ ನಡಿಗೆಯನ್ನು ನಡೆದೂ ತೋರಿಸುತ್ತಿದ್ದೆ, ಅವರ ಬೆನ್ನ ಹಿಂದೆ.

ಒಂದು ಮಧ್ಯಾಹ್ನ ಮೇಡಂ ನನ್ನ ಕಾರ್ಡುಗಳನ್ನು ಚಾಪೆಯ ಮೇಲೆ ಎರಡು ರಾಶಿ ಮಾಡಿದರು. ಅಪ್ಪ ಬದುಕಿರುವವರದು ಒಂದು, ಅಪ್ಪ ತೀರಿಕೊಂಡವರದು ಇನ್ನೊಂದು.

"ಇಲ್ಲಿ ಬಾರಪ್ಪ. ಹೊಸನಗರದಲ್ಲಿ ಅಪ್ಪ ಇರೋ ತನಕ ಒಬ್ಬನೂ ಬೀಡಿ ಮುಟ್ಟಲ್ಲ. ಅಪ್ಪ ಹೋದ ಕೂಡಲೇ ಎಲ್ಲ ಶುರು ಮಾಡ್ತಾರೆ. ದುಃಖಕ್ಕಾ?"

ನಾನು ನಕ್ಕೆ. ಅವರು ನಗಲಿಲ್ಲ. ಆಗ ಹೊಳೆಯಿತು. ಅಪ್ಪನ ಎದುರಿಗೆ ಕೂರಿಸಿ ಕೇಳಿದರೆ ಯಾವ ಮಗ ತಾನೇ ಹೂಂ ಅಂದಾನು? ನಮ್ಮಪ್ಪನ ಎದುರು ನಾನು ಎಲೆಯಡಿಕೆ ಕೂಡ ಜಗಿದವನಲ್ಲ.

"ಬೀಡಿ ಕಾಲಂ ಬಿಟ್ಟು ಕಳಿಸಿಬಿಡೋಣ ಮೇಡಂ."

"ನಾನು ಬಂದಿರೋದೇ ಆ ಕಾಲಂಗೆ."

ಮೇಲಿನವರಿಗೆ ಕಾಗದ ಬರೆದರು: "ನಮ್ಮ ತಪ್ಪು, ಮತ್ತೆ ಕೇಳುತ್ತೇವೆ." ನನ್ನ ತಪ್ಪು ಅಂತ ಬರೆಯಲಿಲ್ಲ. ಆ ಕಾಗದವನ್ನು ಅಂಚೆಗೆ ಹಾಕಿ ಬಂದವನು ಮಾತ್ರ ನಾನೇ.

ಮತ್ತೆ ಅಷ್ಟೂ ಮನೆ, ಈ ಸಲ ಮೇಡಂ ಜೊತೆ. ಒಬ್ಬೊಬ್ಬರನ್ನೇ ಗದ್ದೆ ಬದುವಿಗೆ, ಕಣಕ್ಕೆ ಕರೆದುಕೊಂಡು ಹೋಗಿ, ಜೊತೆಗೆ ನಡೆಯುತ್ತ, ಬೆಳೆ ವಿಚಾರಿಸಿ, ಆಮೇಲೆ ಬೀಡಿ. ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಆಮೆ ನಡಿಗೆಯ ಬೆಲೆ ನನಗೆ ತಿಳಿದದ್ದು ಆಗ.

ಕೊನೆಯ ಮನೆಯ ಮಗನಿಗೆ ನಲವತ್ತು ದಾಟಿತ್ತು. ಕೊಟ್ಟಿಗೆಯ ಹಿಂದೆ, ಒಬ್ಬನೇ ಇದ್ದಾಗಲೂ, "ಇಲ್ಲಪ್ಪ, ಅಭ್ಯಾಸ ಇಲ್ಲ" ಅಂದುಬಿಟ್ಟ.

"ಬೆರಳು ನೋಡಿ ಮೇಡಂ, ಹಳದಿ. ದಿನಕ್ಕೆ ಒಂದು ಕಟ್ಟು ಅಂತ ಬರೀರಿ," ಎಂದು ಪಿಸುಗುಟ್ಟಿದೆ.

"ಊಹೆ ಬರೆಯೋಕೆ ಸಾಗರದಲ್ಲೇ ಕೂರಬಹುದಿತ್ತು. ಯಾರಾದರೂ ಬಾಯಲ್ಲಿ ಹೇಳಬೇಕು." ಪೆನ್ನಿನ ಮುಚ್ಚಳ ಹಾಕಿ, ಆ ಕಾರ್ಡನ್ನು ಖಾಲಿ ಬಿಟ್ಟೇ ಹೊರಟರು.

ಅಂಗಳದಲ್ಲಿ ಅವನ ಅಪ್ಪ ತಡೆದರು. ಮಗ ದೂರ ಇದ್ದಾನೆಂದು ನೋಡಿಕೊಂಡು ದನಿ ತಗ್ಗಿಸಿದರು. "ದಿನಕ್ಕೆ ಒಂದೂವರೆ ಕಟ್ಟು. ಬರ್ಕೊಳಿ ತಾಯಿ."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಯಜಮಾನ್ರೇ, ನೀವೇನು ಕಣ್ಣಾರೆ ಕಂಡಿದ್ದೀರಾ?"

"ಕಾಣಬಾರ್ದು ಅಂತಲೇ ಅಲ್ವನಾ, ಇಪ್ಪತ್ತು ವರ್ಷದಿಂದ ನಾನು ಕೆಮ್ಮಿ ಕೊಟ್ಟಿಗೆಗೆ ಹೋಗೋದು!"