ನೀರು ಸುರಿದು ನೋಡುವ ಇಂಜಿನಿಯರಮ್ಮ

ಹುಣಸೂರಿನ ಕೈಗಾರಿಕಾ ನಿವೇಶನಗಳು ಕಾರ್ಖಾನೆ ಕಟ್ಟಲು ಸಿದ್ಧವೆಂದು ಪ್ರಮಾಣಪತ್ರ ಕೊಡಲು ಒಬ್ಬ ಇಂಜಿನಿಯರಮ್ಮ ಬರುತ್ತಿದ್ದರು. ನಾನು ಅವರ ಹಿಂದೆ ಫೈಲು ಹೊರುವ ಗುಮಾಸ್ತ. ಯಾರಾದರೂ ನಕ್ಷೆ ಕೊಟ್ಟರೆ ಅವರು ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ಒಂದ್ ಕೊಡ ನೀರ್ ತನ್ನಿ, ಅದ್ನೇ ಕೇಳನ" ಎನ್ನುವರು.

ಒಮ್ಮೆ, ಮರುದಿನವೇ ಕಾರ್ಖಾನೆ ಕಟ್ಟಲಿದ್ದ ಒಂದು ಕಂಪನಿಯವರು ಜಾಗ ನೋಡಲು ಬರುವವರಿದ್ದರು. ಕಂಟ್ರಾಕ್ಟರು ಹೊಸ ಚರಂಡಿಯೊಳಗೇ ನಿಂತು, "ಪಸಂದಾಗದೆ ಕಣ್ರವ್ವಾ, ಸೈನ್ ಹಾಕ್ಬುಡಿ" ಎಂದ. ಇವರು ನೀರು ಸುರಿದರು. ಅದು ಹಳ್ಳದ ಕಡೆ ಹೋಗದೆ ಹಿಂದಕ್ಕೆ ಹರಿದು ಅವನ ಬೂಟು ತೋಯಿಸಿತು.

ಇಂಜಿನಿಯರಮ್ಮ ಪೆನ್ನು ಮುಚ್ಚಿದರು. ಕಂಪನಿ ಕೈತಪ್ಪುತ್ತದೆಂದು ನನಗೆ ಭಯ. ಅವರೋ ತಾವೇ ಕಂಪನಿಗೆ ಫೋನು ಮಾಡಿ, "ಚರಂಡಿ ಉಲ್ಟಾ ಕಟ್ಟವ್ರೆ, ಹದಿನೈದು ದಿನ ತಡೀರಿ" ಎಂದುಬಿಟ್ಟರು.

ಕಂಪನಿಯವರು ನಕ್ಕು, ಕಾದು, ಬಂದರು. ಪಕ್ಕದ ನಿವೇಶನವೂ ತಮಗೇ ಬೇಕೆಂದು ಕೇಳಿದರು. ಅವರದು ಒಂದೇ ಷರತ್ತು: "ಅದನ್ನೂ ಆ ಮೇಡಮ್ಮೇ ನೋಡ್ಬೇಕು."